ಸೆಪ್ಟೆಂಬರ್‌ನಲ್ಲಿ ಚಾರ್ಟರ್ ಬೋಟ್ ನಡೆಸುವುದಾ, ಬಂದ್ ಮಾಡುವುದಾ? ಫ್ಲೋರಿಡಾದಲ್ಲಿ ಇರುವವರು ಹೇಳಿ

ಗಂಗೊಳ್ಳಿ_ಹುಡ್ಗ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಫ್ಲೋರಿಡಾದ ಗಲ್ಫ್ ಬದಿ, ಪಿನೆಲಸ್ ಕೌಂಟಿ, ಮಡೀರಾ ಬೀಚ್ ಹತ್ರ. ಗಂಗೊಳ್ಳಿಲಿ ಅಪ್ಪಂದು ಬೋಟ್ ಇತ್ತು, ನಾನು ಓದಿ ಸಾಫ್ಟ್‌ವೇರ್ ಅಂತ ಇಲ್ಲಿಗೆ ಬಂದೆ, ಹನ್ನೊಂದು ವರ್ಷ ಕೂತು ಕೆಲಸ ಮಾಡಿದೆ, ಆದ್ರೆ ಮನಸ್ಸೆಲ್ಲ ಕಡಲಲ್ಲೇ ಇತ್ತು. ಸಿಟಿಜನ್‌ಶಿಪ್ ಬಂದ ಮೇಲೆ ಕೋಸ್ಟ್ ಗಾರ್ಡ್‌ನ ಸಿಕ್ಸ್ ಪ್ಯಾಕ್ ಲೈಸೆನ್ಸ್ ಮಾಡಿಕೊಂಡೆ. ಗೊತ್ತಿಲ್ಲದವರಿಗೆ ಹೇಳ್ತೇನೆ, ದುಡ್ಡು ಕೊಟ್ಟು ಬರುವ ಆರು ಜನರನ್ನು ಮಾತ್ರ ಕರ್ಕೊಂಡು ಹೋಗ್ಲಿಕ್ಕೆ ಆಗುವ ಲೈಸೆನ್ಸ್ ಅದು, 360 ದಿನ ಕಡಲಲ್ಲಿ ಇದ್ದದ್ದಕ್ಕೆ ದಾಖಲೆ ತೋರಿಸ್ಬೇಕು. ಕಳೆದ ನವೆಂಬರಲ್ಲಿ ಚಾರ್ಟರಿಗೆ, ಅಂದ್ರೆ ಗಿರಾಕಿಗಳನ್ನು ಮೀನು ಹಿಡೀಲಿಕ್ಕೆ ಬಾಡಿಗೆಗೆ ಕರ್ಕೊಂಡು ಹೋಗ್ಲಿಕ್ಕೆ, ಸೆಕೆಂಡ್ ಹ್ಯಾಂಡ್ 26 ಅಡಿ ಸೆಂಟರ್ ಕನ್ಸೋಲ್ ಬೋಟ್ ತಗೊಂಡೆ, ಎರಡು ಔಟ್‌ಬೋರ್ಡ್ ಇಂಜಿನ್, ಜೊತೆಗೆ ಟ್ರೇಲರ್, ಫೆಡರಲ್ ಪರ್ಮಿಟ್ ಕೂಡ. ಆ ಪರ್ಮಿಟ್ ಹೊಸದಾಗಿ ಕೊಡುವುದಿಲ್ಲ, ಇದ್ದವರ ಕೈಯಿಂದಲೇ ತಗೊಳ್ಬೇಕು, ಹಾಗಾಗಿ ಸಾಲ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯ್ತು.

ಜೂನ್ 1ಕ್ಕೆ ನಮ್ಮ ಚಾರ್ಟರ್ ಬೋಟುಗಳಿಗೆ ರೆಡ್ ಸ್ನ್ಯಾಪರ್ ಮೀನು ಹಿಡಿಯುವುದು ಓಪನ್ ಆಯ್ತು, ಹರಿಕೇನ್ ಸೀಸನ್ ಶುರು ಆಗುವುದೂ ಅದೇ ದಿನ, ನವೆಂಬರ್ 30ರ ತನಕ. ಜೂನ್ ಜುಲೈ ಚೆನ್ನಾಗೇ ಹೋಯ್ತು. ಈಗ ಸೆಪ್ಟೆಂಬರಿಗೆ ಒಂಬತ್ತು ಟ್ರಿಪ್ ಬುಕ್ ಆಗಿದೆ, ಅಡ್ವಾನ್ಸ್ ಕೂಡ ತಗೊಂಡಿದ್ದೇನೆ, ಯಾಕಂದ್ರೆ ಗ್ಯಾಗ್ ಗ್ರೂಪರ್ ಮೀನು ಹಿಡೀಲಿಕ್ಕೆ ಸೆಪ್ಟೆಂಬರ್ 1ಕ್ಕೆ ಬಿಡ್ತಾರೆ, ಬೇಗ ಮುಚ್ತಾರೆ, ಗಿರಾಕಿಗಳು ಅದಕ್ಕೇ ಕಾಯ್ತಾ ಇರ್ತಾರೆ. ಸೀಸನ್ನಿನ ನಡು ಅಂದ್ರೆ ಸೆಪ್ಟೆಂಬರ್ 10ರ ಆಸುಪಾಸು ಅಂತ ಎಲ್ಲರಿಗೂ ಗೊತ್ತು, ಮೀನೂ ಅದೇ ಹೊತ್ತಿಗೆ.

ಇನ್ನೊಂದು ಸಂಗತಿ, ಹೆಂಡತಿ ನರ್ಸ್, ಹರಿಕೇನ್ ಬಂದಾಗ ಆಸ್ಪತ್ರೆಯಲ್ಲೇ ಉಳಿಯುವ ಟೀಮಿನಲ್ಲಿ ಅವಳ ಹೆಸರು ಉಂಟು. ಅಂದ್ರೆ ಗಾಳಿ ಬರುವ ಹಿಂದಿನ ದಿನ ಅವಳು ಬ್ಯಾಗ್ ಹಿಡ್ಕೊಂಡು ಹೋಗ್ತಾಳೆ, ಮನೆ, ಏಳು ವರ್ಷದ ಮಗಳು, ಬೋಟ್, ಮೂರೂ ನನ್ನ ಮೇಲೆ. ಆಗಸ್ಟ್ 15ರಿಂದ ಅಕ್ಟೋಬರ್ 15ರ ತನಕ ಬೋಟ್ ದಡಕ್ಕೆ ಎತ್ತಿ ಹಾಕಿ ಬಂದ್ ಮಾಡಿಬಿಡಿ ಅಂತ ಅವಳು ಹೇಳ್ತಾಳೆ. ಎರಡು ತಿಂಗಳು ಬಂದ್ ಮಾಡಿದ್ರೆ ಕಂತು ಕಟ್ಟುವುದು ಹೇಗೆ ಅಂತ ನನಗೆ. ನೀವೆಲ್ಲ ಏನು ಮಾಡ್ತೀರಿ? ಬೋಟ್ ಎತ್ತುವುದು ಯಾವಾಗ ಅಂತ ಹೇಗೆ ತೀರ್ಮಾನ ಮಾಡ್ತೀರಿ?

ಮಂಡ್ಯ_ಟು_ಫೋರ್ಟ್‌ಮೈಯರ್ಸ್:

ನೋಡಪ್ಪ, ಮುಚ್ಚೋದು ಬಿಡೋದು ಆಮೇಲೆ ಮಾತಾಡೋಣ. ಬೋಟ್ ಎತ್ತೋದು ಯಾವಾಗ ಅಂತ ಮೊದ್ಲು ಬರೆದಿಡು, ಇವತ್ತೇ, ಆಕಾಶ ತಿಳಿಯಾಗಿರೋವಾಗ್ಲೇ, ಪೇಪರ್ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸು. ಬಿರುಗಾಳಿಗೆ ಹೆಸರು ಇಟ್ಟಮೇಲೆ ಯೋಚನೆ ಮಾಡೋಕೆ ಕೂತ್ರೆ ಮನಸ್ಸು ಬೋಟ್ ಪರ, ಬುಕಿಂಗ್ ಪರ ವಾದ ಮಾಡತ್ತೆ, ನಾನು ಅದನ್ನ ಅನುಭವಿಸಿದೀನಿ.

2022ರಲ್ಲಿ ಹರಿಕೇನ್ ಇಯನ್ ಬಂದಾಗ ನನ್ನ 28 ಅಡಿ ಬೋಟ್ ಸ್ಲಿಪ್ಪಲ್ಲಿ, ಅಂದ್ರೆ ಡಾಕ್ ಪಕ್ಕ ನೀರಲ್ಲೇ ಕಟ್ಟೋ ಜಾಗದಲ್ಲಿತ್ತು. ಸೆಪ್ಟೆಂಬರ್ 25 ಭಾನುವಾರ, ಮ್ಯಾಪಲ್ಲಿ ನಡುವಿನ ಗೆರೆ ನಮ್ಮೂರಿಂದ ಉತ್ತರಕ್ಕೆ ತುಂಬಾ ದೂರ ಹೋಗ್ತಿತ್ತು, ನಾವು ಕೋನ್‌ನ (ಬಿರುಗಾಳಿಯ ನಡು ಎಲ್ಲೆಲ್ಲಿ ಹೋಗಬಹುದು ಅಂತ ಮ್ಯಾಪಲ್ಲಿ ತೋರಿಸೋ ಜಾಗ) ಅಂಚಲ್ಲಿದ್ವಿ. ನಾನು ಗೆರೆ ನೋಡ್ದೆ, ಅಂಚು ನೋಡ್ಲಿಲ್ಲ. ಸೋಮವಾರ ಇನ್ನೊಂದು ಟ್ರಿಪ್ ಹೋಗಿ ಬಂದೆ, ದುಡ್ಡು ಬಂತಲ್ಲ ಅಂತ ಖುಷಿ ಬೇರೆ. ಮಂಗಳವಾರ ಗೆರೆ ದಕ್ಷಿಣಕ್ಕೆ ಜರುಗಿತು, ಅಷ್ಟೊತ್ತಿಗೆ ಬೋಟ್ ಎತ್ತೋ ಯಾರ್ಡುಗಳೆಲ್ಲ ಫುಲ್, ಟ್ರಕ್ ಬಾಡಿಗೆಗೆ ಸಿಗಲ್ಲ, ಡೀಸೆಲ್ ಪೆಟ್ರೋಲ್ ಎರಡಕ್ಕೂ ಕ್ಯೂ. ಹಗ್ಗ ಡಬಲ್ ಮಾಡಿ ಕಟ್ಟಿ, ಉಜ್ಜೋ ಕಡೆಯೆಲ್ಲ ಹಳೇ ಫೈರ್ ಹೋಸ್ ತುಂಡು ಸುತ್ತಿ, ಕೈ ಮುಗಿದು ಬಂದೆ. ಬುಧವಾರ ಮಧ್ಯಾಹ್ನ ಕಾಯೊ ಕೋಸ್ಟಾ ಹತ್ರ ದಡ ಮುಟ್ಟಿತು, ಗಾಳಿ ಗಂಟೆಗೆ 150 ಮೈಲಿ, ಫೋರ್ಟ್ ಮೈಯರ್ಸ್ ಬೀಚಲ್ಲಿ ಕಡಲು ನೆಲದ ಮೇಲೆ 10ರಿಂದ 15 ಅಡಿ ಏರಿತ್ತು. ನನ್ನ ಹಗ್ಗ ಒಂದೂ ಹರೀಲಿಲ್ಲ ಕಣಪ್ಪ, ಡಾಕ್ ಕಂಬನೇ ಕಿತ್ತು ಹೋಯ್ತು, ಬೋಟ್ ಡಾಕಿನ ತುಂಡು ಸಮೇತ ಮ್ಯಾಂಗ್ರೋವ್ ಕಾಡಲ್ಲಿ ತಲೆಕೆಳಗಾಗಿ ಸಿಕ್ತು. ಸ್ಯಾನ್ ಕಾರ್ಲೋಸ್ ದ್ವೀಪದಲ್ಲಿ ಸಿಗಡಿ ಹಿಡಿಯೋ ಅಷ್ಟು ದೊಡ್ಡ ಬೋಟುಗಳೇ ಒಂದರ ಮೇಲೊಂದು ನೆಲದ ಮೇಲೆ ಬಿದ್ದಿದ್ವು, ನಮ್ಮಂಥ ಸಣ್ಣವು ಯಾವ ಲೆಕ್ಕ.

ನಿಮ್ಮ ಕಡೆ ಗಲ್ಫ್ ತಳ ಎಷ್ಟು ಚಪ್ಪಟೆ ಅಂತ ಮೀನಿಗೆ ಹೋಗೋ ನಿನಗೇ ಗೊತ್ತು, ನೂರಡಿ ಆಳ ಸಿಗೋಕೆ ಎಷ್ಟು ಮೈಲಿ ಓಡಿಸ್ತೀಯ! ಅದೇ ಚಪ್ಪಟೆ ತಳದಿಂದಾನೇ ಗಾಳಿ ದೂಡಿದ ನೀರಿಗೆ ಕೆಳಗೆ ಇಳಿದು ವಾಪಸ್ ಹೋಗೋಕೆ ಜಾಗ ಇಲ್ಲ, ದಡದ ಮೇಲೆ ಹತ್ತತ್ತೆ. 2024ರ ಹೆಲೀನ್ ನಿಮ್ಮಿಂದ ನೂರು ಮೈಲಿಗಿಂತ ಆಚೆ ಕಡಲಲ್ಲೇ ಹಾದು ಪೆರಿ ಕಡೆ ಹೋಯ್ತು, ಆದ್ರೂ ನಿಮ್ಮ ಬೀಚುಗಳಲ್ಲಿ ನೀರು 6 ಅಡಿ ಮೀರಿತ್ತು. ಹದಿಮೂರೇ ದಿನಕ್ಕೆ ಮಿಲ್ಟನ್, ಅದು ನಿಮಗಿಂತ ದಕ್ಷಿಣಕ್ಕೆ ಸಿಯೆಸ್ಟಾ ಕೀ ಹತ್ರ ಮುಟ್ಟಿತು, ಅದರ ಗಾಳಿ ಟ್ಯಾಂಪಾ ಬೇ ನೀರನ್ನ ಹೊರಕ್ಕೆ ಎಳ್ಕೊಂಡು ಹೋಯ್ತು, ಇರೋ ನೀರೇ ಖಾಲಿ. ಒಂದೇ ಸ್ಲಿಪ್ಪಲ್ಲಿ ಕಟ್ಟಿದ ಹಗ್ಗ ಒಂದು ಸಲ ಮೇಲಕ್ಕೆ ಸಾಲ್ದು, ಇನ್ನೊಂದು ಸಲ ಕೆಳಕ್ಕೆ ಸಾಲ್ದು. ಟ್ರೇಲರ್ ಇರೋ ಬೋಟನ್ನ ನೀರಲ್ಲಿ ಬಿಡಲೇಬೇಡ. ಮನೆ ಹಿಂದೆ ಬೋಟ್ ಎತ್ತಿಡೋ ಲಿಫ್ಟ್ ಮೇಲೂ ಬಿಡಬೇಡ, ನೀರು ಏರಿದ್ರೆ ಅಲ್ಲಿಂದಲೇ ತೇಲಿ ಹೋಗತ್ತೆ.

ಈಗ ನನ್ನ ಲೆಕ್ಕ ಹೇಳ್ತೀನಿ. ನ್ಯಾಷನಲ್ ಹರಿಕೇನ್ ಸೆಂಟರ್ ಸೈಟಲ್ಲಿ ಕೋನ್ ಮ್ಯಾಪ್ ಬಿಟ್ಟು ಇನ್ನೊಂದು ಮ್ಯಾಪ್ ಇದೆ, ಗಂಟೆಗೆ 39 ಮೈಲಿ ಗಾಳಿ ನಮ್ಮ ಜಾಗಕ್ಕೆ ಬೇಗ ಅಂದ್ರೆ ಎಷ್ಟೊತ್ತಿಗೆ ಬರಬಹುದು ಅಂತ ತೋರಿಸತ್ತೆ. ನನ್ನ ಗಡಿಯಾರ ಅದು. ಆ ಹೊತ್ತಿಂದ ಹಿಂದಕ್ಕೆ ಎಣಿಸ್ತೀನಿ, 72 ಗಂಟೆ ಇರೋವಾಗ ಬೋಟ್ ಟ್ರೇಲರ್ ಮೇಲೆ ಇರ್ಬೇಕು, ಹೆದ್ದಾರಿ ತುಂಬೋ ಮೊದ್ಲು ಒಳನಾಡಿಗೆ ಹೊರಟಿರ್ಬೇಕು. ಹರಿಕೇನ್ ಸೆಂಟರ್ ವಾಚ್ ಅನ್ನೋ ಮೊದಲ ಎಚ್ಚರಿಕೆ ಹಾಕ್ಲಿ ಆಮೇಲೆ ನೋಡೋಣ ಅಂತ ಕೂತ್ರೆ ಕೆಟ್ಟೆ, ವಾಚ್ ಅಂದ್ರೇನೇ ಗಾಳಿ ಬರೋಕೆ 48 ಗಂಟೆ, ವಾರ್ನಿಂಗ್ ಅಂದ್ರೆ 36. ಕೋಸ್ಟ್ ಗಾರ್ಡ್ ಕೂಡ ಬಂದರಿಗೆ ವಿಸ್ಕಿ, ಎಕ್ಸ್‌ರೇ, ಯಾಂಕಿ, ಜುಲು ಅಂತ 72, 48, 24, 12 ಗಂಟೆ ಲೆಕ್ಕದಲ್ಲೇ ಹೇಳತ್ತೆ, ವಿಸ್ಕಿ ಬಂತು ಅಂದ್ರೆ ನೀನಾಗ್ಲೇ ಹೊರಟಿರ್ಬೇಕು ಅಂದ್ಕೋ. ನಿನಗಂತೂ ಮಗು ಜೊತೆ ಒಬ್ನೇ, ಆ ತಾಯಿ ಡ್ಯೂಟಿಗೆ ಹೋಗೋ ಮೊದ್ಲೇ ಬೋಟ್ ಕೆಲಸ ಮುಗಿದಿರ್ಬೇಕು, ಕೊನೇ ಎರಡು ದಿನ ಮನೆಗೂ ಮಗೂಗೂ ಇಟ್ಕೋ.

ಇನ್ನೊಂದು ಮಾತು, ಟ್ರೇಲರ್ ಇದೆ ಅಂದ್ಯಲ್ಲ, ಕೊನೇ ಸಲ ಯಾವಾಗ ರೋಡಿಗೆ ತಂದೆ? ಉಪ್ಪುನೀರು ಕುಡಿದ ಬೇರಿಂಗ್ ಹೆದ್ದಾರಿ ಮೇಲೆ ಕೈಕೊಟ್ರೆ ಬೋಟ್ ಅಲ್ಲೇ ನಿಲ್ಲತ್ತೆ. ಈ ವಾರಾನೇ ಟೈರ್, ಬ್ರೇಕ್, ಬೇರಿಂಗ್ ಎಲ್ಲ ನೋಡಿಸು, ಎಳೆಯೋ ಟ್ರಕ್ ಯಾರದ್ದು ಅಂತ ಮಾತಾಡಿಟ್ಕೋ. ನಿಲ್ಲಿಸೋ ಕಡೆ ಮರ ಇರಬಾರ್ದು, ತಗ್ಗು ಇರಬಾರ್ದು, ಚಕ್ರಕ್ಕೆ ಅಡ್ಡ ಕಟ್ಟೆ ಇಡು, ಟೈರ್ ಗಾಳಿ ಸ್ವಲ್ಪ ಇಳಿಸು, ಹಿಂದಿನ ಡ್ರೈನ್ ಪ್ಲಗ್ ತೆಗೆದಿಡು, ಮಳೆ ನೀರು ಒಳಗೆ ನಿಂತ್ರೆ ಆ ಭಾರಕ್ಕೇ ಟ್ರೇಲರ್ ಮುರಿಯತ್ತೆ. ಬಿಮಿನಿ ಟಾಪ್ ಬಟ್ಟೆ, ಔಟ್‌ರಿಗ್ಗರ್, ಆಂಟೆನಾ, ರಾಡುಗಳು ಎಲ್ಲ ಬಿಚ್ಚಿ ಮನೆ ಒಳಗೆ.

ಹುಬ್ಬಳ್ಳಿ_ಪಾಲಿಸಿ_ಅಕ್ಕ:

ನಾನು ಟ್ಯಾಂಪಾದಾಗ ಬೋಟ್ ಇನ್ಶೂರೆನ್ಸ್ ಕೆಲಸ ಮಾಡಾಕತ್ತು ಒಂಬತ್ತು ವರ್ಷ ಆತ್ರಿ. ಮ್ಯಾಲೆ ಅಣ್ಣಾರು ಹೇಳಿದ್ದು ಖರೆ ಐತಿ, ಅದಕ್ಕ ಕಾಗದದ ಮಾತು ಒಂದಿಷ್ಟು ಸೇರಸ್ತೀನಿ.

ಮೊದಲ ನಿಮ್ಮ ಪಾಲಿಸಿ ತಗದು ನೋಡ್ರಿ, ಅದು ಚಾರ್ಟರ್ ಪಾಲಿಸಿನೋ, ಬರೇ ಸ್ವಂತಕ್ಕ ಓಡಸೋ ಪಾಲಿಸಿನೋ. ಹಳೇ ಮಾಲಕರ ಕಡೆಯಿಂದ ಬಂದ ಏಜೆಂಟ್ ಹಂಗ ಮುಂದುವರಸಿದ್ರ ಎಷ್ಟೋ ಸಲ ತಪ್ಪು ಇರ್ತೈತಿ, ರೊಕ್ಕ ಕೊಟ್ಟು ಬಂದ ಮಂದಿ ಬೋಟ್‌ನ್ಯಾಗ ಇದ್ದಾಗ ಏನರ ಆದ್ರ ಒಂದು ಪೈಸಾನೂ ಬರಂಗಿಲ್ಲ. ಆಮ್ಯಾಲೆ ಹರಿಕೇನ್ ಪ್ಲಾನ್ ಅಂತ ಒಂದು ಹಾಳಿ ತುಂಬಿ ಕೊಟ್ಟಿರ್ತೀರಿ, ಪಾಲಿಸಿ ತಗೊಳ್ಳೋ ಗಡಿಬಿಡಿಯೊಳಗ ಏನ್ ಬರದೀವಿ ಅನ್ನೂದು ಮರತಿರ್ತೀರಿ. ಅದರಾಗ ಬೋಟ್ ನೀರಿಂದ ಎತ್ತತೀನಿ ಅಂತ ಬರದು, ಎತ್ತಲಾರದ ಸ್ಲಿಪ್‌ನ್ಯಾಗ ಬಿಟ್ರ, ಕ್ಲೇಮ್ ತಿರಸ್ಕಾರ ಮಾಡಾಕ ಕಂಪನಿಗೆ ನೀವ ಕಾರಣ ಕೊಟ್ಟಂಗ ಆತು. ಅದನ್ನ ಹುಡುಕಿ ಓದ್ರಿ, ಫ್ರಿಜ್ ಮ್ಯಾಲಿನ ಪೇಪರೂ ಇದೂ ಒಂದ ಇರಬೇಕು.

ಹೆಸರಿಟ್ಟ ಬಿರುಗಾಳಿಗೆ ಡಿಡಕ್ಟಿಬಲ್ ಬ್ಯಾರೆನ ಇರ್ತೈತ್ರಿ, ಬೋಟ್ ಕಿಮ್ಮತ್ತಿನ ಮ್ಯಾಲೆ ಇಷ್ಟು ಪರ್ಸೆಂಟ್ ಅಂತ. 90,000 ಡಾಲರಿಗೆ ಇನ್ಶೂರ್ ಮಾಡಿ, ಡಿಡಕ್ಟಿಬಲ್ 10 ಪರ್ಸೆಂಟ್ ಅಂತ ಹಿಡೀರಿ, ಮೊದಲಿನ 9,000 ನಿಮ್ಮ ಕಿಸೆದಿಂದ ಹೋಗ್ತೈತಿ. ಅಷ್ಟು ರೊಕ್ಕ ಬ್ಯಾಂಕಿನ್ಯಾಗ ಕಡೀಕ ಇಟ್ಟು ಸೀಸನ್ ಶುರು ಮಾಡ್ರಿ. ಬಿರುಗಾಳಿ ಗಲ್ಫ್ ಕಡೆ ಹೊಂಟ ಮ್ಯಾಲೆ ಫೋನ್ ಹಚ್ಚಿ ಕವರೇಜ್ ಹೆಚ್ಚು ಮಾಡ್ರಿ ಅಂದ್ರ ಯಾರೂ ಮಾಡಂಗಿಲ್ಲ, ಬಾಗಲಾ ಹಾಕಿರ್ತೈತಿ. ಬೋಟ್ ಮುಳುಗಿ ಚಾನೆಲ್‌ನ್ಯಾಗ ಕುಂತ್ರ ಅದನ್ನ ಎತ್ತಿ ತಗಸೋ ಖರ್ಚೂ ನಿಮ್ದ, ಅದಕ್ಕ ಕವರ್ ಐತೋ ಇಲ್ಲೋ ಕೇಳ್ರಿ. ಕೆಲವು ಪಾಲಿಸಿ ಬೋಟ್ ಎತ್ತೋ ಖರ್ಚಿನಾಗ ಅರ್ಧ ಕೊಡ್ತಾವ, ಭಾಳ ಮಂದಿ ಕೇಳೂದ ಇಲ್ಲ. ಮತ್ತ ಇವತ್ತ ಬೋಟಿನ ವಿಡಿಯೋ ಮಾಡಿ ಇಡ್ರಿ, ಇಂಜಿನ್ ನಂಬರ್, ಎಲೆಕ್ಟ್ರಾನಿಕ್ಸ್ ಎಲ್ಲಾ ಕಾಣೂ ಹಂಗ.

ತಂಗೀಗೆ ನನ್ನ ನಮಸ್ಕಾರ ಹೇಳ್ರಿ, ಬಿರುಗಾಳಿಯೊಳಗ ಮನಿ ಬಿಟ್ಟು ಪೇಶಂಟ್ ಹತ್ರ ಇರೂದು ಸಣ್ಣ ಮಾತಲ್ಲ.

ಗಂಗೊಳ್ಳಿ_ಹುಡ್ಗ:

ಅಕ್ಕ, ಈಗಷ್ಟೇ ಪಾಲಿಸಿ ತೆಗೆದು ನೋಡಿದೆ. ಚಾರ್ಟರ್ ಪಾಲಿಸಿ ಹೌದು, ದೇವರು ದೊಡ್ಡವನು. ಆದ್ರೆ ಹರಿಕೇನ್ ಪ್ಲಾನಲ್ಲಿ ನಾನೇ "ಒಳನಾಡಿನ ಸ್ಟೋರೇಜ್" ಅಂತ ಬರೆದಿದ್ದೇನೆ, ಯಾವ ಸ್ಟೋರೇಜ್ ಅಂತ ಇಷ್ಟು ದಿನ ಒಂದು ಫೋನ್ ಕೂಡ ಮಾಡಿಲ್ಲ. ಟ್ರೇಲರ್ ನವೆಂಬರಿಂದ ಮನೆ ಬದಿ ಹುಲ್ಲಲ್ಲಿ ನಿಂತಿದೆ. ನಾಳೆ ಮೊದಲ ಕೆಲಸ ಅದೇ. ಗಿರಾಕಿಗಳ ಅಡ್ವಾನ್ಸ್ ಏನು ಮಾಡುವುದು, ವಾಪಸ್ ಕೊಡುವುದಾ? ಮತ್ತೆ ಬಿರುಗಾಳಿ ದೂರ ಉಂಟು, ಇಲ್ಲಿ ಬಿಸಿಲು ಉಂಟು ಅನ್ನುವಾಗ ಹೋಗಬಹುದಾ?

ಕೀಸ್_ಕನ್ನಡಿಗ:

ಸಾರ್, ನಾನು ಫ್ಲೋರಿಡಾ ಕೀಸ್ ದ್ವೀಪಗಳ ಮ್ಯಾರಥಾನ್ ಊರಲ್ಲಿ ಒಂದು ಚಾರ್ಟರ್ ಬೋಟಲ್ಲಿ ಮೇಟ್ (ಕ್ಯಾಪ್ಟನ್ ಸಹಾಯಕ) ಆಗಿದ್ದೀನಿ, ನಮ್ಮ ಕ್ಯಾಪ್ಟನ್ ಸೆಪ್ಟೆಂಬರ್ ಪೂರ್ತಿ ಬಂದ್ ಮಾಡ್ತಾರೆ, ಬುಕಿಂಗೇ ತಗೊಳಲ್ಲ, ನನಗೂ ಅದೇ ಸರಿ ಅನ್ಸತ್ತೆ, ನಿಮ್ಮ ಮನೆಯವರು ಹೇಳ್ತಿರೋದು ತಪ್ಪಲ್ಲ. ಇಲ್ಲಿ ಕೀಸಲ್ಲಿ ಆಚೆ ಹೋಗೋಕೆ ಇರೋದು ಒಂದೇ ರಸ್ತೆ, ಯುಎಸ್ 1, ಬಿರುಗಾಳಿ ಅಂದ ತಕ್ಷಣ ಕೌಂಟಿಯವರು ಮೊದಲು ಟೂರಿಸ್ಟುಗಳನ್ನ ಹೊರಗೆ ಕಳಿಸ್ತಾರೆ, ಊರಿನವರು ಆಮೇಲೆ. ಅಂದ್ರೆ ಗಾಳಿ ಬರೋಕೆ ಎಷ್ಟೋ ದಿನ ಮುಂಚೆನೇ ಗಿರಾಕಿ ಇರಲ್ಲ, ಬಿರುಗಾಳಿ ತಿರುಗಿ ಬೇರೆ ಕಡೆ ಹೋದ್ರೂ ಆ ವಾರದ ದುಡ್ಡು ಹೋಯ್ತು. 2017ರ ಸೆಪ್ಟೆಂಬರ್ 10ಕ್ಕೆ ಇರ್ಮಾ ಕಡ್ಜೋ ಕೀ ಮೇಲೆ ಬಂತು, ನಾನು ಆಗ ಹೊಸಬ. ವಾಪಸ್ ಬಂದಾಗ ಕಾಲುವೆಗಳ ತುಂಬ ಫ್ರಿಜ್ಜು, ಮುಳುಗಿದ ಬೋಟು, ಮನೆ ಛಾವಣಿ. ಬೋಟ್ ಉಳಿದವರೂ ವಾರಗಟ್ಟಲೆ ಹೊರಗೆ ಹೋಗೋಕಾಗ್ಲಿಲ್ಲ, ನೀರೊಳಗೆ ಏನಿದೆ ಗೊತ್ತಾಗಲ್ಲ, ಚಾನೆಲ್ ಗುರುತಿನ ಕಂಬಗಳು ಇದ್ದ ಜಾಗದಲ್ಲಿ ಇರಲ್ಲ, ಪ್ರೊಪೆಲ್ಲರ್ ಒಂದೇ ಏಟಿಗೆ ಹೋಗತ್ತೆ.

ಆ ತಿಂಗಳು ನಾವು ರೀಲ್ ಬಿಚ್ಚಿ ಗ್ರೀಸ್ ಹಾಕೋದು, ಬೋಟಿನ ತಳಕ್ಕೆ ಪೇಂಟ್ ಹೊಡೆಯೋದು ಮಾಡ್ತೀವಿ. ಸಂಬಳ ಕಮ್ಮಿ, ಆದ್ರೆ ರಾತ್ರಿ ನಿದ್ದೆ ಬರತ್ತೆ.

ಅಡ್ವಾನ್ಸ್ ವಿಷಯ, ಕ್ಯಾಪ್ಟನ್ ಬೇಡ ಅಂದ್ರೆ ಪೂರ್ತಿ ವಾಪಸ್ ಅಥವಾ ಬೇರೆ ಡೇಟ್, ಗಿರಾಕಿ ಇಷ್ಟ. ಆ ದುಡ್ಡನ್ನ ಖರ್ಚು ಮಾಡ್ಬೇಡಿ, ಟ್ರಿಪ್ ಮುಗಿಯೋವರೆಗೂ ಅದು ನಿಮ್ಮದಲ್ಲ ಅಂತ ಬೇರೆ ಅಕೌಂಟಲ್ಲಿಡಿ. ಖರ್ಚಾಗಿಬಿಟ್ಟಿದ್ರೆ ವಾಪಸ್ ಕೊಡ್ಬೇಕಲ್ಲ ಅಂತಾನೇ ಜನ ಹೋಗಬಾರದ ದಿನ ಹೋಗ್ತಾರೆ, ಕಣ್ಣಾರೆ ನೋಡಿದೀನಿ.

ಮಂಡ್ಯ_ಟು_ಫೋರ್ಟ್‌ಮೈಯರ್ಸ್:

ಅಡ್ವಾನ್ಸ್ ಬಗ್ಗೆ ಹೇಳಿದ್ದಕ್ಕೆ ಕೈ ಮುಗಿದೆ ತಮ್ಮ. ಆದ್ರೆ ತಿಂಗಳು ಪೂರ್ತಿ ಬಂದ್ ಅನ್ನೋದು ನಿಮ್ಮ ಕೀಸಿಗೆ ಸರಿ, ಸಾಲ ಇಲ್ದಿರೋ ಕ್ಯಾಪ್ಟನ್‌ಗೆ ಸರಿ. ಇವನದ್ದು ಟ್ರೇಲರ್ ಬೋಟ್, ಅರ್ಧ ದಿನದಲ್ಲಿ ಎತ್ತಬಹುದು, ಎಷ್ಟೋ ವರ್ಷ ಇವನ ಊರಿಗೆ ಏನೂ ಬರಲ್ಲ. ನಾನು ಮಾಡೋದು ಇಷ್ಟು, ಬಜೆಟ್ ಬರೆಯೋವಾಗ ಸೆಪ್ಟೆಂಬರ್ ಆದಾಯ ಸೊನ್ನೆ ಅಂತ ಬರೀತೀನಿ, ಮಾರ್ಚ್ ಏಪ್ರಿಲ್ ಮೇ ದುಡಿಮೆಯಲ್ಲಿ ಎರಡು ಕಂತು ಮೊದ್ಲೇ ಎತ್ತಿಡ್ತೀನಿ. ಆಮೇಲೆ ಸೆಪ್ಟೆಂಬರಲ್ಲಿ ಟ್ರಿಪ್ ಆಯ್ತು ಅಂದ್ರೆ ಅದು ಮೇಲಿಂದ ಬಂದ ದುಡ್ಡು. ಕಂತಿನ ಭಯ ತಲೇಲಿ ಇಲ್ದಿದ್ರೆ ಫೋನ್ ತೆಗೆದು "ನಾಳೆ ಹೋಗಲ್ಲ" ಅನ್ನೋದು ಸುಲಭ. ನಿಂದು ಮೊದಲ ವರ್ಷ, ಎತ್ತಿಟ್ಟಿಲ್ಲ ಅಂತ ಕಾಣತ್ತೆ, ಹಾಗಾಗಿ ಈ ವರ್ಷ ಒಂಬತ್ತು ಬುಕಿಂಗ್ ಸಾಕು, ಇನ್ನು ಹೊಸದು ತಗೋಬೇಡ.

ಇನ್ನೊಂದು, ನಿಮ್ಮ ಕೌಂಟಿನ ಡಿಸಾಸ್ಟರ್ ಏರಿಯಾ ಅಂತ ಘೋಷಣೆ ಮಾಡಿದ್ರೆ ಎಸ್‌ಬಿಎ (ಸಣ್ಣ ವ್ಯಾಪಾರಗಳಿಗೆ ಸಹಾಯ ಮಾಡೋ ಸರ್ಕಾರಿ ಸಂಸ್ಥೆ) ಸಾಲ ಸಿಗತ್ತೆ, ಬೋಟಿಗೆ ಒಂದು ಗೀರೂ ಬಿದ್ದಿಲ್ಲ, ಬರೀ ವ್ಯಾಪಾರ ನಿಂತಿದೆ ಅಂದ್ರೂ ಅರ್ಜಿ ಹಾಕಬಹುದು. ಅದಕ್ಕೆ ಲೆಕ್ಕ ಪತ್ರ ಬೇಕು, ಹಿಂದಿನ ಟ್ರಿಪ್‌ಗಳ ರಸೀದಿ ಎಲ್ಲ ಜೋಡಿಸಿಡು. ಇಯನ್ ಆದಮೇಲೆ ನನ್ನ ರಸೀದಿ ಪುಸ್ತಕ ಬೋಟಲ್ಲೇ ಇತ್ತು, ಅದರ ಜೊತೆ ಹೋಯ್ತು.

ಮಲ್ಪೆ_ದಕ್ಕೆ:

ನಾನು ಅಮೆರಿಕ ನೋಡಿದವ ಅಲ್ಲ ಮಾರಾಯ್ರೆ, ಮಲ್ಪೆಯಲ್ಲಿ ಇಪ್ಪತ್ತಾರು ವರ್ಷದಿಂದ ಬೋಟಿಗೆ ಹೋಗುವವ, ಈಗ ತಾಂಡೇಲ, ಅಂದ್ರೆ ಬೋಟ್ ನಡೆಸುವವ. ಮಗ ಈ ಚರ್ಚೆ ಓದಿ ಹೇಳಿದ, ಅವನೇ ಟೈಪ್ ಮಾಡ್ತಾ ಇದ್ದಾನೆ.

ನಮಗೆ ಇಲ್ಲಿ ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರೀಕೃತ ಬೋಟ್ ಬಂದ್, ಸರ್ಕಾರದ್ದೇ ಕಟ್ಟಳೆ, ಮೀನು ಮರಿ ಹಾಕುವ ಸಮಯ ಅಂತ. ಆ ಎರಡು ತಿಂಗಳು ಹೋಗುವುದಾ ಬೇಡವಾ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮಗೆ ಅದೇ ಜೂನ್ 1ಕ್ಕೆ ಕೆಲಸ ಶುರು, ದಿನಾ ಬೆಳಿಗ್ಗೆ ನೀವೇ ತೀರ್ಮಾನ ಮಾಡ್ಬೇಕು, ಅದು ಕಷ್ಟ. ಆದ್ರೆ ಬಿಸಿಲಿದ್ದಾಗ ಹೋಗಬಹುದಾ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ನನಗೆ ಗೊತ್ತುಂಟು.

ತೂಫಾನು ದೂರ ಇರ್ತದೆ, ಇಲ್ಲಿ ಗಾಳಿಯೇ ಇರುವುದಿಲ್ಲ, ಆದ್ರೆ ಅದರ ತೆರೆ ಮೊದಲೇ ಬಂದಿರ್ತದೆ. ನಡುಕಡಲಲ್ಲಿ ಅದು ಗೊತ್ತೇ ಆಗುವುದಿಲ್ಲ, ಬೋಟ್ ನಿಧಾನ ಏರ್ತದೆ, ನಿಧಾನ ಇಳಿತದೆ. ತೊಂದರೆ ಇರುವುದು ಅಳಿವೆಯಲ್ಲಿ, ಒಳನೀರು ಕಡಲು ಸೇರುವ ಬಾಯಲ್ಲಿ. ನೀರು ಇಳಿತದ ಹೊತ್ತು, ಒಳಗಿಂದ ಹೊರಗೆ ಸೆಳೆತ, ಹೊರಗಿಂದ ಆ ಉದ್ದ ತೆರೆ, ಎರಡೂ ಎದುರುಬದುರು ಸಿಕ್ಕಿದ ಜಾಗದಲ್ಲಿ ತೆರೆ ಎದ್ದು ನಿಂತು ಒಡೀತದೆ. ಬೆಳಿಗ್ಗೆ ಭರತದಲ್ಲಿ ಸಲೀಸು ಹೊರಗೆ ಹೋದವ ಸಂಜೆ ಇಳಿತದಲ್ಲಿ ಒಳಗೆ ಬರ್ಲಿಕ್ಕೆ ಆಗದೆ ನಿಲ್ತಾನೆ. ನಮ್ಮ ಕಡೆ ಎಷ್ಟು ಜನ ಅಳಿವೆ ಬಾಯಲ್ಲೇ ಹೋಗಿದ್ದಾರೆ ಅಂತ ಗಂಗೊಳ್ಳಿಯವರಿಗೆ ನಾನು ಹೇಳ್ಬೇಕಾ? ನಿಮ್ಮ ತಂದೆಯವರಿಗೆ ಒಂದು ಫೋನ್ ಮಾಡಿ ಕೇಳಿ. ನಿಮ್ಮಲ್ಲೂ ಅಳಿವೆ ಉಂಟಲ್ಲ, ಮಗ ಮ್ಯಾಪಲ್ಲಿ ತೋರಿಸಿದ, ಜಾನ್ಸ್ ಪಾಸ್ ಅಂತೆ. ಹೊರಡುವ ಮೊದಲು ವಾಪಸ್ ಬರುವ ಹೊತ್ತಿಗೆ ನೀರು ಏರ್ತದಾ ಇಳೀತದಾ ಅಂತ ನೋಡಿ. ಕಡಲಲ್ಲಿ ತೇಲುಬುರುಡೆ ಯಂತ್ರ ಇಟ್ಟಿದ್ದಾರಂತೆ, ತೆರೆ ಎಷ್ಟು ಎತ್ತರ, ಎಷ್ಟು ಸೆಕೆಂಡಿಗೆ ಒಂದು ಅಂತ ಹೇಳ್ತದಂತೆ, ನಮ್ಮ ಕಾಲದಲ್ಲಿ ಹಾಗೆಲ್ಲ ಇರ್ಲಿಲ್ಲ, ನಿಮಗೆ ಉಂಟು, ನೋಡದೆ ಹೋಗ್ಬೇಡಿ. ಬೋಟಲ್ಲಿ ಇರುವ ಆರು ಜನ ಕಡಲು ಗೊತ್ತಿಲ್ಲದವರು, ನಮ್ಮ ಕಲಾಸಿಗಳ ಹಾಗೆ ಹಿಡ್ಕೊಂಡು ನಿಲ್ಲುವವರಲ್ಲ.

ಕೀಸ್_ಕನ್ನಡಿಗ:

ತಾಂಡೇಲರೇ, ನಮಸ್ಕಾರ ನಿಮಗೆ. ಆ ಯಂತ್ರ ಇವರ ಕಡೆಗೆ ಸ್ಟೇಷನ್ 42036, ಟ್ಯಾಂಪಾದಿಂದ ಪಶ್ಚಿಮಕ್ಕೆ ನೂರು ಮೈಲಿ ಚಿಲ್ಲರೆ ದೂರದಲ್ಲಿದೆ. ತೆರೆಗೂ ತೆರೆಗೂ ನಡುವೆ ಸೆಕೆಂಡ್ ಜಾಸ್ತಿ ಆಗ್ತಾ ಹೋದ್ರೆ ದೂರದಲ್ಲಿ ದೊಡ್ಡದು ಏನೋ ಇದೆ ಅಂತ ಲೆಕ್ಕ, ಎತ್ತರ ಕಮ್ಮಿ ಇದ್ರೂ ಹುಷಾರು.

ಗಂಗೊಳ್ಳಿ_ಹುಡ್ಗ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳುವುದು ಗೊತ್ತಾಗ್ತಿಲ್ಲ. ಮೂರು ದಿನ ಆಯ್ತು, ಏನೇನು ಮಾಡಿದೆ ಹೇಳ್ತೇನೆ. ಟ್ರೇಲರಿನ ಒಂದು ಬದಿ ಬೇರಿಂಗ್ ಪೂರ್ತಿ ತುಕ್ಕು, ಎರಡೂ ಬದಿ ಬದಲಿಸಿದೆ, ಒಂದು ಟೈರ್ ಬಿರುಕು ಬಿಟ್ಟಿತ್ತು. ಲೇಕ್‌ಲ್ಯಾಂಡಿನಿಂದ ಸ್ವಲ್ಪ ಆಚೆ ಸ್ನೇಹಿತರೊಬ್ಬರ ಜಾಗ ಉಂಟು, ಎತ್ತರದಲ್ಲಿ, ಮರ ಇಲ್ಲ, ಅವರು ಒಪ್ಪಿದ್ದಾರೆ, ಅವರ ವಿಳಾಸವನ್ನೇ ಇನ್ಶೂರೆನ್ಸಿನವರಿಗೆ ಬರೆದು ಕಳಿಸಿದೆ. ಒಂಬತ್ತು ಬುಕಿಂಗಿನವರಿಗೂ ಮೆಸೇಜ್ ಮಾಡಿದೆ, ನಾನು ಬೇಡ ಅಂದ್ರೆ ಪೂರ್ತಿ ದುಡ್ಡು ವಾಪಸ್ ಅಂತ. ಇಬ್ಬರು ತಾವಾಗಿ ನವೆಂಬರಿಗೆ ಹೋದ್ರು. ಹೊಸ ಬುಕಿಂಗ್ ಅಕ್ಟೋಬರ್ 15ರ ತನಕ ಇಲ್ಲ.

ನಿನ್ನೆ ಅಪ್ಪನಿಗೆ ಫೋನ್ ಮಾಡಿದೆ, ಅಳಿವೆ ವಿಷಯ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದರು, ನಾನು ಈ ಕೆಲಸಕ್ಕೆ ಇಳಿದ ಮೇಲೆ ಅಷ್ಟು ಮಾತಾಡಿದ್ದು ಇದೇ ಮೊದಲು. ಹೆಂಡತಿ 72 ಗಂಟೆಯ ಲೆಕ್ಕಕ್ಕೆ ಒಪ್ಪಿದಳು, ಆದ್ರೆ ಪೇಪರಲ್ಲಿ 72 ಹೊಡೆದು 84 ಅಂತ ಬರೆದು ಅವಳೇ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಹಾಗೇ ಇರ್ಲಿ ಅಂತ ಬಿಟ್ಟಿದ್ದೇನೆ.